ಆ ಬೋರ್ಡನ್ನು ಕೀಳಬೇಡ

ಮೈಸೂರು

ಪ್ರೀತಿಯ ಪುಟ್ಟಾ,

ಲೀಡ್ಸ್‌ನಲ್ಲಿ ಕೊಂಡ ಹಳೆಯ ಎಲ್‌ಎಸ್3/5ಎ ಸ್ಪೀಕರ್ ಜೋಡಿಯ ಫೋಟೋ ನೋಡಿದೆ. ಒಳಗಿನ ಕ್ರಾಸ್‌ಓವರ್ ಬೋರ್ಡು ಕಿತ್ತು ಹೊಸದು ಹಾಕಿಸುತ್ತೇನೆ ಅಂತ ಬರೆದಿದ್ದೀಯಲ್ಲ, ಅದನ್ನು ಓದುತ್ತಾ ಕೂತು ನನ್ನ ಕಾಫಿ ಆರಿಹೋಯಿತು ಮಾರಾಯ.

ಕ್ರಾಸ್‌ಓವರ್ ಅಂದರೆ ಕಾಲುವೆ ನೀರನ್ನು ಎರಡು ಗದ್ದೆಗೆ ಹಂಚುವ ತೂಬು. ಕಾಯಿಲ್ ಮಂದ್ರವನ್ನು ವೂಫರಿಗೆ ಬಿಡುತ್ತದೆ, ಕೆಪ್ಯಾಸಿಟರ್ ತಾರವನ್ನು ಟ್ವೀಟರಿಗೆ. ಲೆಕ್ಕದ ಪ್ರಕಾರ 8 ಓಮ್ ಟ್ವೀಟರಿಗೆ 3,000 ಹರ್ಟ್ಸ್ ಹತ್ತಿರ ತೂಬು ಇಡಲು 6.6 ಮೈಕ್ರೋಫ್ಯಾರಡ್‌ನ ಒಂದೇ ಕೆಪ್ಯಾಸಿಟರ್ ಸಾಕು. ಮತ್ತೆ ನಿನ್ನ ಬೋರ್ಡಿನ ಮೇಲೆ ಅಷ್ಟೊಂದು ಸಾಮಾನು ಯಾಕೆ?

ಬಿಬಿಸಿ ಎಂಜಿನಿಯರುಗಳು 1970ರ ದಶಕದಲ್ಲಿ ಈ ಸ್ಪೀಕರನ್ನು ರೂಪಿಸಿದ್ದು ಹೊರಾಂಗಣ ಪ್ರಸಾರದ ಇಕ್ಕಟ್ಟಾದ ವ್ಯಾನುಗಳಿಗೆ. ಪೆಟ್ಟಿಗೆ ಒಂದಡಿ ಎತ್ತರ, ಅಷ್ಟೇ. ಅದರಲ್ಲಿ ಮಾತು ಮಾತಿನಂತೆಯೇ ಕೇಳಬೇಕಿತ್ತು. ಆದರೆ ಅದರೊಳಗಿನ ಕೆಇಎಫ್ ಕಂಪನಿಯ ಬಿ110 ವೂಫರಿಗೆ ಮಧ್ಯದ ಸ್ವರಗಳಲ್ಲಿ ಒಂದು ಉಬ್ಬು. ಅದನ್ನು ತಗ್ಗಿಸಲು ಬೋರ್ಡಿನಲ್ಲೇ ಪ್ರತ್ಯೇಕ ಏರ್ಪಾಡಿದೆ. ಟಿ27 ಟ್ವೀಟರುಗಳೂ ಒಂದರ ಹಾಗೆ ಇನ್ನೊಂದಿಲ್ಲ. ಅದಕ್ಕೇ ಹಲವು ಟ್ಯಾಪುಗಳಿರುವ ಆಟೋಟ್ರಾನ್ಸ್‌ಫಾರ್ಮರ್: ಆಯಾ ಟ್ವೀಟರಿನ ಜೋರು ನೋಡಿ ತಕ್ಕ ಟ್ಯಾಪಿಗೆ ಬೆಸೆಯುವುದು. ಅಂದರೆ ನಿನ್ನ ಎಡ ಪೆಟ್ಟಿಗೆಯ ಬೋರ್ಡು ಆ ಎಡ ಪೆಟ್ಟಿಗೆಗೇ ಹೊಲಿದ ಅಂಗಿ. ಬಲಕ್ಕೆ ಹಾಕಿದರೂ ಸಡಿಲವಾದೀತು. ಇನ್ನು ಅಂಗಡಿಯ ರೆಡಿಮೇಡು!

ಒಂದು ತಪ್ಪು ಹೇಳಿಕೊಳ್ಳುತ್ತೇನೆ. ರಿಪೇರಿ ಅಂಗಡಿಯ ದಿನಗಳಲ್ಲಿ ಗಿರಾಕಿಯೊಬ್ಬರ ಬೇರೆ ಸ್ಪೀಕರಿನಲ್ಲಿ ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರ್ ಒಣಗಿತ್ತು. ಅಷ್ಟೇ ಮೈಕ್ರೋಫ್ಯಾರಡ್‌ನ ದುಬಾರಿ ಫಿಲ್ಮ್ ಕೆಪ್ಯಾಸಿಟರ್ ಹಾಕಿ ಮೀಸೆ ತಿರುವಿದೆ. ಮರುವಾರ ಅವರು ವಾಪಸ್ ತಂದರು: "ಪಿಟೀಲು ಕಿವಿ ಕೊರೀತಿದೆ ಸ್ವಾಮಿ." ಹಳೆಯದರ ಒಳಗೇ ಅಷ್ಟಿಷ್ಟು ರೆಸಿಸ್ಟೆನ್ಸ್ ಇರುತ್ತದೆ, ವಿನ್ಯಾಸ ಮಾಡಿದವರು ಅದನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಅದರೊಂದಿಗೆ ಸರಣಿಯಲ್ಲಿ ಚಿಕ್ಕ ರೆಸಿಸ್ಟರ್ ಸೇರಿಸಿದ ಮೇಲೆ ಪಿಟೀಲು ತಣ್ಣಗಾಯಿತು. ದುಡ್ಡು ತೆಗೆದುಕೊಳ್ಳಲಿಲ್ಲ.

ನಿನ್ನದು 15 ಓಮಿನದೋ 11 ಓಮಿನದೋ ಮೊದಲು ನೋಡು. 11 ಓಮಿನದು 1980ರ ದಶಕದ ಕೊನೆಗೆ ಬಂದದ್ದು, ಅದರ ಬೋರ್ಡೇ ಬೇರೆ. ಆಮೇಲೆ ಎರಡೂ ಬೋರ್ಡಿಗೆ 'ಎಡ', 'ಬಲ' ಅಂತ ಚೀಟಿ ಅಂಟಿಸು. ಪ್ರತಿ ಕೆಪ್ಯಾಸಿಟರಿನ ಒಂದು ಕಾಲು ಮಾತ್ರ ಬಿಡಿಸಿ ಅಳೆ, ಮತ್ತೆ ಬೆಸೆ. ಟ್ಯಾಪಿನ ತಂತಿ ಮುಟ್ಟಲೇಬೇಡ.

ಅಳತೆಗಳನ್ನು ಬರೆದು ಕಳಿಸು. ಯಾವುದನ್ನು ಬದಲಿಸಬೇಕು ಅಂತ ಭಾನುವಾರ ಫೋನಿನಲ್ಲಿ ಹೇಳುತ್ತೇನೆ.

ನಿನ್ನ
ದೊಡ್ಡಪ್ಪ