ಮನೆಗೆ ಫೈಬರ್ ಸಂಪರ್ಕ: ಕಟ್ಟಡಕ್ಕೆ ಹಾನಿಯಾದರೆ ಹೊಣೆ ಯಾರದು?

ಜಿ.ಎಸ್.ಟಿ. ವಿವರಪಟ್ಟಿ, ಇ-ವೇ ಬಿಲ್ಲು, ಬ್ಯಾಂಕಿನ ವ್ಯವಹಾರ ಎಲ್ಲವೂ ಅಂತರಜಾಲದ ಮೂಲಕವೇ ನಡೆಯುವ ಈ ಕಾಲದಲ್ಲಿ, ವ್ಯಾಪಾರಸ್ಥರ ಮನೆಗಳಿಗೂ ಆಪ್ಟಿಕಲ್ ಫೈಬರ್ ಸಂಪರ್ಕವು ಅಗತ್ಯವಾಗಿದೆ. ನಮ್ಮ ಸದಸ್ಯರಲ್ಲಿ ಅನೇಕರು ಕೆಳಗೆ ಅಂಗಡಿ ಅಥವಾ ಗೋದಾಮು, ಮೇಲೆ ಮನೆ ಮಾಡಿಕೊಂಡಿರುವವರು. ಅಂಥ ಕಟ್ಟಡದ ಗೋಡೆಯಲ್ಲಿ ಅಜಾಗರೂಕತೆಯಿಂದ ಕೊರೆದ ಒಂದು ರಂಧ್ರವು ಮನೆಗೂ ಸರಕಿಗೂ ಒಟ್ಟಿಗೇ ನಷ್ಟವನ್ನು ತರಬಲ್ಲದು. ಆಗ ಹೊಣೆ ಯಾರದು, ಪರಿಹಾರ ಪಡೆಯುವ ಬಗೆ ಹೇಗೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಹಾನಿ ಸಂಭವಿಸುವ ಬಗೆ

ಫೈಬರಿನ ಗಾಜಿನ ಎಳೆ ಕೂದಲಿನಷ್ಟು ತೆಳುವಾದದ್ದು. ಹೊದಿಕೆ ಸೇರಿದರೂ ಕೇಬಲ್ಲು ದಪ್ಪವೇನಲ್ಲ. ಅದಕ್ಕೆ ಬೇಕಾದ ರಂಧ್ರವೂ ಚಿಕ್ಕದೇ. ಆದರೆ ನಮ್ಮ ಮನೆಗಳಲ್ಲಿ ವಿದ್ಯುತ್ ತಂತಿಯ ಪೈಪುಗಳೂ ನೀರಿನ ಕೊಳವೆಗಳೂ ಗಿಲಾವಿನೊಳಗೆ ಅಡಗಿರುತ್ತವೆ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಅಥವಾ ಕೆಳಗೆ, ಇಲ್ಲವೇ ಸ್ನಾನದ ಮನೆಯ ಗೋಡೆಯಲ್ಲಿ ಕೊರೆಯುವುದು ಅಪಾಯಕರ. ಹೊರಗೋಡೆಯ ರಂಧ್ರವು ಹೊರಮುಖವಾಗಿ ಇಳಿಜಾರಾಗಿರದಿದ್ದರೆ ಮಳೆನೀರು ಒಳಗೆ ಬರುತ್ತದೆ. ತಾರಸಿಯಲ್ಲಿ ಮೊಳೆ ಹೊಡೆದರೆ ಜಲನಿರೋಧಕ ಲೇಪವು ಒಡೆಯುತ್ತದೆ. ಬೇಸಿಗೆಯಲ್ಲಿ ಮಾಡಿದ ಇಂಥ ತಪ್ಪು ಮಳೆಗಾಲದಲ್ಲಿ ಬೆಳಕಿಗೆ ಬರುವುದರಿಂದ, ಅಷ್ಟರಲ್ಲಿ ಸಾಕ್ಷ್ಯವು ಮಾಸಿಹೋಗಿರುತ್ತದೆ.

ಕಂಪನಿಯೋ, ಗುತ್ತಿಗೆದಾರನೋ?

ಗ್ರಾಹಕನು ಹಣ ಕೊಡುವುದು ಕಂಪನಿಗೆ. ಮನೆಗೆ ಬರುವವರು ಬಹುಪಾಲು ಗುತ್ತಿಗೆದಾರನ ಅಥವಾ ಉಪಗುತ್ತಿಗೆದಾರನ ಕೆಲಸಗಾರರು. ಹಾನಿಯಾದಾಗ ಕಂಪನಿಯು ಗುತ್ತಿಗೆದಾರನನ್ನು ತೋರಿಸುತ್ತದೆ, ಗುತ್ತಿಗೆದಾರನು ಕೆಲಸಗಾರನನ್ನು ತೋರಿಸುತ್ತಾನೆ. ಕಾನೂನಿನ ನಿಲುವು ಬೇರೆ. 1872ರ ಭಾರತೀಯ ಕರಾರು ಕಾಯಿದೆಯ 40ನೇ ಕಲಮಿನಂತೆ, ವಚನ ಕೊಟ್ಟವನೇ ಖುದ್ದಾಗಿ ಮಾಡಬೇಕೆಂಬ ಉದ್ದೇಶವಿಲ್ಲದ ಕೆಲಸವನ್ನು ಸಮರ್ಥನಾದ ಬೇರೊಬ್ಬನಿಂದ ಮಾಡಿಸಬಹುದು. ಕೆಲಸವನ್ನು ಬೇರೆಯವರಿಗೆ ವಹಿಸಿದ ಮಾತ್ರಕ್ಕೆ ಕರಾರಿನ ಹೊಣೆಯಿಂದ ಬಿಡುಗಡೆಯಾಗದು. ಆದುದರಿಂದ ಗ್ರಾಹಕನು ಕೇಳಬೇಕಾದುದು ಕಂಪನಿಯನ್ನೇ. ಕಂಪನಿಯೂ ಗುತ್ತಿಗೆದಾರನೂ ತಮ್ಮೊಳಗಿನ ಲೆಕ್ಕವನ್ನು ತಾವೇ ತೀರಿಸಿಕೊಳ್ಳಬೇಕು. ಆದರೆ ಕೆಲಸಗಾರನಿಗೆ ಕೈಯಲ್ಲಿ ಹಣ ಕೊಟ್ಟು, ಕಂಪನಿಯ ಆದೇಶದಲ್ಲಿಲ್ಲದ ಕೆಲಸ ಮಾಡಿಸಿಕೊಂಡರೆ ಈ ವಾದವು ದುರ್ಬಲವಾಗುತ್ತದೆ.

ತಂತಿ ಎಳೆಯುವಾಗ ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು ಎಂಬ ತತ್ತ್ವವು ಹೊಸದಲ್ಲ. 1885ರ ಟೆಲಿಗ್ರಾಫ್ ಕಾಯಿದೆಯ 10ನೇ ಕಲಮಿನಲ್ಲಿಯೇ ಇತ್ತು. 2023ರ ದೂರಸಂಪರ್ಕ ಕಾಯಿದೆಯಡಿ ರಚಿತವಾದ ಮಾರ್ಗಹಕ್ಕು ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ.

ಬಾಡಿಗೆ ಮನೆ, ವಸತಿ ಸಮುಚ್ಚಯ

ಬಾಡಿಗೆದಾರನು ಕರೆಸಿದ ಕೆಲಸಗಾರರು ಗೋಡೆ ಕೆಡಿಸಿದರೆ ಮನೆಯ ಮಾಲೀಕನು ಕೇಳುವುದು ಬಾಡಿಗೆದಾರನನ್ನೇ. ಬೇರೆ ಕರಾರು ಇಲ್ಲದಿದ್ದಲ್ಲಿ, 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಕಲಮಿನಂತೆ, ಸಹಜ ಸವಕಳಿಯನ್ನು ಬಿಟ್ಟು ಸ್ವತ್ತನ್ನು ಮೊದಲಿದ್ದ ಸ್ಥಿತಿಯಲ್ಲಿ ಹಿಂದಿರುಗಿಸುವುದು ಅವನ ಕರ್ತವ್ಯ. ಆದ್ದರಿಂದ ಮಾಲೀಕನ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ವಸತಿ ಸಮುಚ್ಚಯಗಳಲ್ಲಿ ಹೊರಗೋಡೆ, ಮೆಟ್ಟಿಲು, ತಾರಸಿಗಳು ಸಾಮಾನ್ಯವಾಗಿ ಎಲ್ಲರಿಗೂ ಸೇರಿದ ಭಾಗಗಳು. ಅಲ್ಲಿ ನಿವಾಸಿಗಳ ಸಂಘದ ಅನುಮತಿ ಅಗತ್ಯ.

ಎಷ್ಟು ಪರಿಹಾರ ಕೇಳಬಹುದು?

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬಟ್ಟೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಕೊರೆಯುವಾಗ ನೀರಿನ ಕೊಳವೆಗೆ ಪೆಟ್ಟಾಯಿತು. ರಾತ್ರಿಯಿಡೀ ನೀರು ಸೋರಿ, ಕೆಳಗಿನ ಗೋದಾಮಿನಲ್ಲಿದ್ದ ಬಟ್ಟೆಯ ಬೇಲುಗಳು ನೆನೆದವು. ಹಬ್ಬದ ದೊಡ್ಡ ಆದೇಶವೊಂದು ಕೈತಪ್ಪಿತು. ಕರಾರು ಕಾಯಿದೆಯ 73ನೇ ಕಲಮಿನಂತೆ, ಕರಾರುಭಂಗದಿಂದ ಸಹಜವಾಗಿ ಉಂಟಾದ ನಷ್ಟಕ್ಕೆ, ಅಥವಾ ಸಂಭವಿಸಬಹುದೆಂದು ಕರಾರಿನ ವೇಳೆ ಉಭಯಪಕ್ಷಗಳಿಗೂ ತಿಳಿದಿದ್ದ ನಷ್ಟಕ್ಕೆ ಪರಿಹಾರವುಂಟು. ದೂರದ, ಪರೋಕ್ಷ ನಷ್ಟಕ್ಕಿಲ್ಲ. ಕೊಳವೆ, ಗೋಡೆಗಳ ದುರಸ್ತಿ ವೆಚ್ಚವನ್ನು ನಿಸ್ಸಂಶಯವಾಗಿ ಕೇಳಬಹುದು. ನೆನೆದ ಬಟ್ಟೆಯ ಬೆಲೆಗೂ ಬಲವಾದ ಆಧಾರವಿದೆ. ಕೆಳಗೆ ಸರಕಿದೆಯೆಂದು ಮೊದಲೇ ಬರೆದು ತಿಳಿಸಿದ್ದರೆ ಅದು ಇನ್ನೂ ಗಟ್ಟಿಯಾಗುತ್ತದೆ. ಕೈತಪ್ಪಿದ ಆದೇಶದ ಲಾಭ ದೊರೆಯುವುದು ಕಷ್ಟ. ಸೋರಿಕೆಯನ್ನು ಕಂಡ ಮೇಲೂ ವಾಲ್ವು ಮುಚ್ಚದೆ, ಸರಕು ಸರಿಸದೆ ಇದ್ದರೆ, ತಪ್ಪಿಸಬಹುದಾಗಿದ್ದ ನಷ್ಟವನ್ನು ಮಾಲೀಕನೇ ಹೊರಬೇಕಾದೀತು.

ದೂರಿನ ಮಾರ್ಗ

ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದೂರು ನೋಂದಾಯಿಸಿ ಸಂಖ್ಯೆಯನ್ನು ಪಡೆಯಬೇಕು. ಜೊತೆಗೆ ನಷ್ಟದ ವಿವರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬೇಕು. ಫಲ ದೊರೆಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕರ ವೇದಿಕೆಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟು 2022ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ. ದೂರು ಸಲ್ಲಿಸಲು ಕಾರಣ ಉಂಟಾದಂದಿನಿಂದ 2 ವರ್ಷಗಳ ಅವಧಿಯಿದೆ. ಆದರೆ ಸಂಪರ್ಕವು ವ್ಯಾಪಾರಿ ಉದ್ದೇಶಕ್ಕಾಗಿ ಪಡೆದದ್ದಾದರೆ, ‘ಗ್ರಾಹಕ’ ಎಂಬ ವ್ಯಾಖ್ಯೆಗೆ ಒಳಪಡುವುದಿಲ್ಲವೆಂಬ ಆಕ್ಷೇಪವು ಬರಬಹುದು. ಆಗ ಸಿವಿಲ್ ನ್ಯಾಯಾಲಯವೇ ಗತಿ. ಆದುದರಿಂದ ಮನೆಯ ಸಂಪರ್ಕವನ್ನು ಮನೆಯವರ ಹೆಸರಿನಲ್ಲಿ, ಅಂಗಡಿಯದನ್ನು ಬೇರೆಯಾಗಿ ಪಡೆಯುವುದು ಲೇಸು.

ಕೊರೆಯುವ ಮುನ್ನ

1. ಕೆಲಸಗಾರನ ಗುರುತಿನ ಚೀಟಿಯನ್ನೂ ಕಂಪನಿಯ ಕೆಲಸದ ಆದೇಶವನ್ನೂ ನೋಡಿ, ಸಂಖ್ಯೆಯನ್ನು ಬರೆದುಕೊಳ್ಳಿರಿ.
2. ಕೇಬಲ್ಲು ಬರುವ ದಾರಿಯನ್ನು ಸೀಮೆಸುಣ್ಣದಿಂದ ಗುರುತಿಸಿ, ಗೋಡೆಯ ಮತ್ತು ತಾರಸಿಯ ಛಾಯಾಚಿತ್ರ ತೆಗೆದಿಡಿರಿ.
3. ಕೊಳವೆ, ತಂತಿಗಳಿರುವ ಜಾಗವನ್ನು ನೀವೇ ತೋರಿಸಿರಿ. ಗೊತ್ತಿದ್ದೂ ಹೇಳದಿದ್ದರೆ ಹೊಣೆಯ ಒಂದು ಪಾಲು ನಿಮ್ಮ ಮೇಲೆಯೇ ಬಂದೀತು.
4. ಹಾಳಾದುದನ್ನು ಸರಿಪಡಿಸಿಕೊಡುವುದಾಗಿ ಒಂದು ಸಾಲನ್ನು ಕೆಲಸದ ಚೀಟಿಯಲ್ಲಿ ಬರೆಸಿಕೊಳ್ಳಿರಿ.
5. ಕೆಲಸ ಮುಗಿದ ಮೇಲೆ ಪರೀಕ್ಷಿಸದೆ ‘ತೃಪ್ತಿಕರ’ ಎಂದು ಸಹಿ ಹಾಕಬೇಡಿರಿ. ಹಾನಿ ಕಂಡಿದ್ದರೆ ಅದನ್ನು ಅಲ್ಲಿಯೇ ನಮೂದಿಸಿರಿ.

ಗುತ್ತಿಗೆ ಹಿಡಿಯುವ ಸದಸ್ಯರಿಗೆ

ಕೇಬಲ್ ಹಾಕುವ ಗುತ್ತಿಗೆಯನ್ನು ಹಿಡಿದಿರುವ ಸಣ್ಣ ಉದ್ಯಮಿಗಳೂ ನಮ್ಮಲ್ಲಿರಬಹುದು. ಎಲ್ಲ ಹಾನಿಯನ್ನೂ ಗುತ್ತಿಗೆದಾರನೇ ತುಂಬಿಕೊಡಬೇಕೆಂಬ ಷರತ್ತು ಗುತ್ತಿಗೆ ಪತ್ರದಲ್ಲಿದೆಯೇ ಎಂದು ಸಹಿಗೆ ಮುನ್ನ ಓದಿ ನೋಡಬೇಕು. ಮೂರನೆಯವರ ಸ್ವತ್ತಿಗೆ ಆಗುವ ಹಾನಿಗೆ ವಿಮೆ ಮಾಡಿಸುವುದು ಸೂಕ್ತ. ರಸ್ತೆ ಅಗೆಯುವ ಮುನ್ನ, 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ‘ಕಾಲ್ ಬಿಫೋರ್ ಯು ಡಿಗ್’ ಮೊಬೈಲ್ ಆ್ಯಪಿನಲ್ಲಿ ಮಾಹಿತಿ ನೀಡಬೇಕು; ನೆಲದಡಿ ಸ್ವತ್ತುಳ್ಳ ಸಂಸ್ಥೆಗಳಿಗೆ ಅದರ ಮೂಲಕ ಸೂಚನೆ ಹೋಗುತ್ತದೆ.

ಸರಕು ಕೊಳ್ಳುವಾಗ ಬಿಲ್ಲು ಕೇಳದ ವ್ಯಾಪಾರಿಯಿಲ್ಲ. ಅದೇ ಎಚ್ಚರವನ್ನು ಮನೆಯ ಗೋಡೆಯ ವಿಷಯದಲ್ಲಿಯೂ ವಹಿಸಿದರೆ, ಹೊಣೆ ಯಾರದೆಂಬ ಪ್ರಶ್ನೆಗೆ ಉತ್ತರವು ಕೈಯಲ್ಲಿರುವ ಕಾಗದದಲ್ಲಿಯೇ ದೊರೆಯುತ್ತದೆ.