ಶ್ರುತಿ ಒಂದು ಮನೆ ಇಳಿಸು

ಮಗಾ, ಮೊನ್ನೆ ಗೌರಿಬಿದನೂರು ಕಡೆ ನಿನ್ನ ‘ಕುರುಕ್ಷೇತ್ರ’ ನೋಡಿದೆ. ರಾತ್ರಿ ಹತ್ತಕ್ಕೆ ಬಂಗಾರದಂತಿದ್ದ ಕಂಠ ಬೆಳಗಿನ ಜಾವ ಮೂರಕ್ಕೆ ಒಡೆದುಹೋಗಿತ್ತು. ಜನ ಒನ್ಸ್ ಮೋರ್ ಅಂದಾಗಲೆಲ್ಲ ಶ್ರುತಿ ಏರಿಸಿ ಅಂತ ಹಾರ್ಮೋನಿಯಂ ಮೇಷ್ಟ್ರಿಗೆ ಸನ್ನೆ ಮಾಡುತ್ತಿದ್ದೆ. ದುರ್ಯೋಧನನ ಪಾತ್ರಕ್ಕೆ ಹೆಚ್ಚು ವಂತಿಗೆ ಕೊಟ್ಟಿದ್ದೀಯ, ಗೊತ್ತು. ಆದರೆ ನಿನ್ನದು ಕೃಷ್ಣನ ಕಂಠ ಕಣಪ್ಪ.

ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ಕನ್ನಡ, ತೆಲುಗು ನಾಟಕ ಎರಡನ್ನೂ ಕಲಿಸಿದವನು ನಾನು. ಅದಕ್ಕೂ ಮುಂಚೆ ನಾನೂ ಪಾತ್ರ ಹಾಕುತ್ತಿದ್ದೆ, ನಿನ್ನಂತೆಯೇ ಕೂಗಿ ಹಾಡುತ್ತಿದ್ದೆ. ಕೂಗಿದಷ್ಟೂ ಗಂಟಲೊಳಗಿನ ಎಳೆಗಳು ಒಂದಕ್ಕೊಂದು ಬಡಿದು ಊದಿಕೊಳ್ಳುತ್ತವೆ, ಕೊನೆಗೆ ಗಂಟು ಕಟ್ಟುತ್ತದೆ. ನನಗೆ ಕಟ್ಟಿದ್ದು ಮೂವತ್ತೆರಡರಲ್ಲಿ. ಹಾರ್ಮೋನಿಯಂ ಮುಂದೆ ಕೂತದ್ದು ಆಮೇಲೆ.

ಹೀಗೇ ಕಂಠ ಸವೆಸಿಕೊಂಡ ಹಾಡುಗಾರರು ಇಟಲಿಯಲ್ಲಿ ಜುಸೆಪ್ಪೆ ದಿ ಸ್ತೆಫಾನೊ ಅಂತ ಒಬ್ಬರಿದ್ದರು, 1921ರಲ್ಲಿ ಸಿಸಿಲಿಯಲ್ಲಿ ಹುಟ್ಟಿದವರು. ಅವರು ಹಾಡುತ್ತಿದ್ದ ಒಪೆರಾ ನಮ್ಮ ಪದ್ಯದ ನಾಟಕಕ್ಕೆ ದೂರದ ನೆಂಟ. ಕಥೆಯನ್ನೆಲ್ಲ ಹಾಡಿಯೇ ಆಡಬೇಕು, ಅದೂ ಮೈಕಿಲ್ಲದೆ. ಮೇಲಕ್ಕೇರುವ ಗಂಡುಕಂಠವನ್ನು ಟೆನರ್ ಅನ್ನುತ್ತಾರೆ. ಅದರಲ್ಲಿ ಮೃದುವಾದದ್ದು ಲಿರಿಕ್ ಟೆನರ್. ದಿ ಸ್ತೆಫಾನೊ ಅವರದು ಅಂಥ ಕಂಠ. ಆದರೂ ಭಾರದ ಪಾತ್ರಗಳನ್ನು ಮೈಮೇಲೆ ಎಳೆದುಕೊಂಡರು. ನಲವತ್ತರ ಸುಮಾರಿಗೆ ಸೊಗಸು ಸವೆದಿತ್ತು. 1963ರಲ್ಲಿ ಲಂಡನ್ನಿನಲ್ಲಿ ಅವರು ಹಾಡಲಾಗದೆ ಹೋದಾಗ ಬದಲಿಗೆ ನಿಂತ ಹುಡುಗನೇ ಲುಚಿಯಾನೊ ಪವರೊಟ್ಟಿ.

ಆ ಹುಡುಗ ಮೊದೆನಾ ಊರಿನವನು. ಅಪ್ಪ ಬ್ರೆಡ್ ಸುಡುತ್ತಿದ್ದವರು, ಅವರೂ ಹಾಡುಗಾರರೇ. ರಂಗಕ್ಕೆ ಬಂದು ನಾಲ್ಕು ವರ್ಷವಾದ ಮೇಲೂ, 1965ರಲ್ಲಿ ಆಸ್ಟ್ರೇಲಿಯಾ ಪ್ರವಾಸದಲ್ಲಿ ಜೊತೆಗೆ ಹಾಡುತ್ತಿದ್ದ ಜೋನ್ ಸದರ್‌ಲ್ಯಾಂಡ್ ಉಸಿರು ಎಲ್ಲಿ ಹಿಡಿಯುತ್ತಾರೆ ಅಂತ ಅವರ ಪಕ್ಕೆಲುಬಿನ ಕೆಳಗೆ ಕೈಯಿಟ್ಟು ಕಲಿತರಂತೆ. 1972ರಲ್ಲಿ ನ್ಯೂಯಾರ್ಕಿನಲ್ಲಿ ಒಂದೇ ಹಾಡಿನಲ್ಲಿ ಒಂಬತ್ತು ಸಲ ತುತ್ತತುದಿಯ ಸ್ವರ ಹಿಡಿದರಲ್ಲ, ಅದು ಕೂಗಿ ಹಿಡಿದದ್ದಲ್ಲ, ಆ ಉಸಿರಿನ ಮೇಲೆ ನಿಂತದ್ದು.

ಅಷ್ಟು ದೂರ ಯಾಕೆ, ನಮ್ಮ ರಾಜ್‌ಕುಮಾರ್ ಇರಲಿಲ್ಲವೇ? ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಬೆನ್ನಿಗೆ ಗುಬ್ಬಿ ನಾಟಕ ಕಂಪನಿ ಸೇರಿ ಹಾಡು ಕಲಿತವರು. ಸಿನಿಮಾದಲ್ಲಿ ಮಾತ್ರ ಮೊದಲೆಲ್ಲ ಅವರ ಬಹುಪಾಲು ಹಾಡು ಪಿ.ಬಿ. ಶ್ರೀನಿವಾಸ್ ದನಿಯಲ್ಲಿ. ಅಂಥ ಕಂಠವಿದ್ದೂ ಇಪ್ಪತ್ತು ವರ್ಷ ಅವಸರಪಡಲಿಲ್ಲ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಹಾಡಿದಾಗ ವಯಸ್ಸು ನಲವತ್ತೈದು. ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಅರವತ್ತು ದಾಟಿತ್ತು. ದಿ ಸ್ತೆಫಾನೊ ಕಂಠ ಸವೆದ ವಯಸ್ಸಿನ ಆಚೆಗೆ ಸಿನಿಮಾದಲ್ಲಿ ಇವರ ಹಾಡಿಕೆ ನಿಜವಾಗಿ ಶುರುವಾಯಿತು, ನೋಡು. ನಿನಗಿನ್ನೂ ಇಪ್ಪತ್ತಮೂರು.

ಗುರುಪೂರ್ಣಿಮೆಗೆ ಕೈವಾರದ ಸಂಗೀತಕ್ಕೆ ಇಬ್ಬರೂ ಹೋಗೋಣ. ಹಿರಿಯ ವಿದ್ವಾಂಸರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅನ್ನೋದನ್ನಷ್ಟೇ ಗಮನಿಸು. ಅಲ್ಲಿಯವರೆಗೆ ಯಾವ ನಾಟಕಕ್ಕೂ ಒಪ್ಪಿಕೊಳ್ಳಬೇಡ. ವಂತಿಗೆ ಹೋದರೆ ಹೋಗಲಿ.

ಭಾನುವಾರ ಬೆಳಿಗ್ಗೆ ಆರಕ್ಕೆ ಮನೆಗೆ ಬಾ. ಹಾರ್ಮೋನಿಯಂ ಪೆಟ್ಟಿಗೆ ತೆಗೆದಿಟ್ಟಿರುತ್ತೇನೆ. ಮೊದಲ ತಿಂಗಳು ಮಂದ್ರದಲ್ಲೇ.