ಸಮಾಂತರ ಗಣನೆ: ಯಂತ್ರ ಕೊಳ್ಳುವ ಮುನ್ನ ಭಾಷೆಯ ವೇಗವನ್ನು ಅರಿಯಿರಿ

ದಾಸ್ತಾನಿನ ಮುನ್ನಂದಾಜು, ಸಾಗಣೆ ಮಾರ್ಗಗಳ ಆಯ್ಕೆ, ಯಂತ್ರಭಾಗಗಳ ವಿನ್ಯಾಸ ಪರೀಕ್ಷೆ ಮೊದಲಾದ ಕಾರ್ಯಗಳಿಗೆ ಪೈಥಾನ್ ಭಾಷೆಯಲ್ಲಿ ಬರೆದ ತಂತ್ರಾಂಶಗಳು ಬಳಕೆಯಲ್ಲಿವೆ. ಲೆಕ್ಕ ನಿಧಾನವಾದಾಗ ಹೆಚ್ಚು ಕೋರ್‌ಗಳುಳ್ಳ ದುಬಾರಿ ಕಂಪ್ಯೂಟರ್ ಕೊಳ್ಳುವುದೇ ಪರಿಹಾರವೆಂದು ಭಾವಿಸುವುದು ಸಹಜ. ಆದರೆ ಹಾಗೆ ಹೂಡಿದ ಹಣ ಎಲ್ಲ ಸಂದರ್ಭಗಳಲ್ಲೂ ಫಲ ನೀಡುವುದಿಲ್ಲ.

1991ರಲ್ಲಿ ಗಿಡೊ ವ್ಯಾನ್ ರಾಸಮ್ ಅವರು ಬಿಡುಗಡೆ ಮಾಡಿದ ಪೈಥಾನ್ ಕಲಿಯಲು ಸುಲಭ. ಆದರೆ ಅದರ ಸಾಮಾನ್ಯ ರೂಪದಲ್ಲಿ 'ಗ್ಲೋಬಲ್ ಇಂಟರ್‌ಪ್ರಿಟರ್ ಲಾಕ್' ಎಂಬ ಬೀಗವಿದೆ. ಪ್ರೋಗ್ರಾಮಿನಲ್ಲಿ 'ಥ್ರೆಡ್' ಎನ್ನುವ ಎಳೆಗಳು ಎಷ್ಟೇ ಇದ್ದರೂ ಒಂದು ಕ್ಷಣದಲ್ಲಿ ಒಂದೇ ಎಳೆ ಪೈಥಾನ್ ಆದೇಶಗಳನ್ನು ನಡೆಸಬಲ್ಲದು. ಎಂಟು ಗುಮಾಸ್ತರಿರುವ ಕಚೇರಿಯಲ್ಲಿ ಖಾತೆ ಪುಸ್ತಕ ಒಂದೇ ಇದ್ದಂತೆ. ಒಬ್ಬರು ಬರೆಯುವಾಗ ಉಳಿದ ಏಳು ಮಂದಿ ಕಾಯಬೇಕು.

ಇದಕ್ಕೆ ಮುಖ್ಯವಾಗಿ ಮೂರು ಮಾರ್ಗಗಳಿವೆ:

1. ಕೆಲಸವನ್ನು ಪ್ರತ್ಯೇಕ ಪ್ರಕ್ರಿಯೆಗಳಾಗಿ ವಿಭಜಿಸುವುದು. ಆಗ ಪ್ರತಿಯೊಂದಕ್ಕೂ ತನ್ನದೇ ಪುಸ್ತಕವಿರುತ್ತದೆ. ಆದರೆ ಮೆಮೊರಿ ಹೆಚ್ಚು ಬೇಕು. ಮಾಹಿತಿ ವರ್ಗಾವಣೆಗೂ ಸಮಯ ತಗಲುತ್ತದೆ.

2. ಭಾರವಾದ ಲೆಕ್ಕವನ್ನು, ತಿರುಳಿನ ಭಾಗ ಬಹುಪಾಲು ಸಿ ಭಾಷೆಯಲ್ಲಿ ರಚಿತವಾದ ನಂಪೈಗೆ ಒಪ್ಪಿಸುವುದು, ಇಲ್ಲವೇ ನಂಬಾ ಮೂಲಕ ಯಂತ್ರಭಾಷೆಗೆ ಪರಿವರ್ತಿಸುವುದು.

3. ಬೀಗರಹಿತ ಪೈಥಾನ್ ಬಳಸುವುದು. 2024ರ ಅಕ್ಟೋಬರ್‌ನಲ್ಲಿ 3.13ನೇ ಆವೃತ್ತಿಯೊಡನೆ ಪ್ರಾಯೋಗಿಕವಾಗಿ ಬಂದ ಈ ರೂಪವು 2025ರ ಅಕ್ಟೋಬರ್‌ನ 3.14ರಲ್ಲಿ ಅಧಿಕೃತ ಬೆಂಬಲ ಪಡೆಯಿತು. ಆದರೆ 3.14ರಲ್ಲೂ ಅದು ಐಚ್ಛಿಕವೇ; ಒಂದೇ ಎಳೆಯ ಕೆಲಸ ಅದರಲ್ಲಿ ತುಸು ನಿಧಾನ.

ಬೀಗ ತೆಗೆದರೂ ಮತ್ತೊಂದು ಮಿತಿ ಉಳಿಯುತ್ತದೆ. 1967ರಲ್ಲಿ ಜೀನ್ ಆಮ್ಡಾಲ್ ಅವರು ಅದನ್ನು ಎತ್ತಿ ತೋರಿಸಿದರು. ಉದಾಹರಣೆಗೆ, 100 ನಿಮಿಷಗಳ ಲೆಕ್ಕದಲ್ಲಿ 80 ನಿಮಿಷಗಳ ಭಾಗವನ್ನು ಹಂಚಬಹುದು, 20 ನಿಮಿಷಗಳದನ್ನು ಹಂಚಲಾಗದು ಎಂದಿಟ್ಟುಕೊಳ್ಳೋಣ. 8 ಕೋರ್‌ಗಳಿಂದ 20+10, ಅಂದರೆ 30 ನಿಮಿಷ. 16 ಕೋರ್‌ಗಳಿಂದ 20+5, ಅಂದರೆ 25 ನಿಮಿಷ. ಕೋರ್‌ಗಳು ದುಪ್ಪಟ್ಟಾದರೂ ಉಳಿತಾಯ 5 ನಿಮಿಷ ಮಾತ್ರ. ಅದರ ಬದಲು ಹಂಚಲಾಗದ ಭಾಗವನ್ನು ತಿದ್ದಿ ಬರೆದು 10 ನಿಮಿಷಕ್ಕೆ ಇಳಿಸಿದರೆ, ಹಳೆಯ 8 ಕೋರ್‌ಗಳಲ್ಲೇ 20 ನಿಮಿಷಕ್ಕೆ ಕೆಲಸ ಮುಗಿಯುತ್ತದೆ.

ಆದ್ದರಿಂದ ಖರೀದಿ ಆದೇಶಕ್ಕೆ ಸಹಿ ಹಾಕುವ ಮುನ್ನ ಉದ್ಯಮಿಗಳು ತಂತ್ರಾಂಶ ತಯಾರಕರಿಂದ ಎರಡು ಅಳತೆಗಳನ್ನು ಕೇಳಿ ಪಡೆಯಬೇಕು: ಲೆಕ್ಕ ನಡೆಯುವಾಗ ಎಷ್ಟು ಕೋರ್‌ಗಳು ನಿಜವಾಗಿ ದುಡಿಯುತ್ತಿವೆ? ಹಂಚಲಾಗದ ಭಾಗಕ್ಕೆ ಎಷ್ಟು ಸಮಯ ಹಿಡಿಯುತ್ತಿದೆ? ದುಡಿಯದ ಕೋರ್‌ಗೂ ಲೆಕ್ಕಪತ್ರದಲ್ಲಿ ಸವಕಳಿ ತೋರಿಸಬಹುದು. ಆದರೆ ಅದರಿಂದ ಕೆಲಸ ಬೇಗ ಮುಗಿಯದು.